ಗಾಳಿ ನೋಡಿ ಪಟ ಆರಿಸಿ

ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಣ್ಣಿಗೆ ಬೀಳುವ ಊರಿನವರಿಗೆ ಗಾಳಿಯ ದಿಕ್ಕನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಗೆ ನೆಟ್ಟಗೆ ಮೇಲೇರಿದ ದಿನ ಪತಂಗ ಏರುವುದಿಲ್ಲ. ಎಲೆ ಅಲುಗಿ, ಮುಖಕ್ಕೆ ಗಾಳಿ ತಾಕಿದರೆ ಅದರ ವೇಗ ಗಂಟೆಗೆ 6ರಿಂದ 11 ಕಿ.ಮೀ. ಸಣ್ಣ ರೆಂಬೆ ಆಡಿ, ಬಾವುಟ ಬಿಚ್ಚಿಕೊಂಡರೆ 12ರಿಂದ 19. ದೂಳೆದ್ದು ಕಾಗದದ ಚೂರು ಹಾರತೊಡಗಿದರೆ 20ರಿಂದ 28. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ಹಡಗುಗಳಿಗಾಗಿ ರೂಪಿಸಿದ ಅಳತೆಪಟ್ಟಿಯನ್ನು ಆಮೇಲೆ ನೆಲಕ್ಕೆ ಹೊಂದಿಸಿಕೊಂಡದ್ದು ಹೀಗೆ. ಪಟ ಆರಿಸುವ ಕೆಲಸ ಇಲ್ಲಿಂದಲೇ ಶುರು. ಮೊದಲು ಗಾಳಿ, ಆಮೇಲೆ ಪಟ.

ಕರ್ನಾಟಕದಲ್ಲಿ ಈ ಲೆಕ್ಕ ಹಳೆಯದು. ದೊಡ್ಡಬಳ್ಳಾಪುರದ ಕಡೆ ಗಾಳಿಪಟ ಆಷಾಢದ್ದು. ಮುಂಗಾರಿನ ಬಿರುಸು ಗಾಳಿಗೆ ಬಾಲಂಗೋಚಿ ಕಟ್ಟಿದ ಪಟ ಬೇಕು, ಏಕೆಂದರೆ ಆ ಬಾಲದ ಎಳೆತವೇ ಪಟ ಗಿರಕಿ ಹೊಡೆಯದಂತೆ ಹಿಡಿದಿಡುತ್ತದೆ. ಸೇಡಂ, ಚಿತ್ತಾಪುರ ಸೀಮೆಗೆ ಹೈದರಾಬಾದ್ ಹತ್ತಿರ, ಇಲ್ಲಿಯ ರೂಢಿ ಸಂಕ್ರಾಂತಿಯ ಪತಂಗ. ಜನವರಿಯ ಗಾಳಿ ತೆಳುವಾದ್ದರಿಂದ ಪತಂಗವೂ ಹಗುರ, ಬಾಲವಿಲ್ಲ. ದಾರ ಬಿಗಿದಾಗ ಅಡ್ಡಕಡ್ಡಿ ಹಿಂದಕ್ಕೆ ಬಾಗಿ ಪತಂಗ ಸ್ಥಿರವಾಗಿ ಸಾಗುತ್ತದೆ, ಸಡಿಲ ಬಿಟ್ಟರೆ ಕಡ್ಡಿ ನೆಟ್ಟಗಾಗಿ ತಿರುಗತೊಡಗುತ್ತದೆ. ಪೇಚು ಹಾಕುವವರ ಜಾಣ್ಮೆಯೆಲ್ಲ ಈ ಬಿಗಿ-ಸಡಿಲದಲ್ಲಿದೆ.

ಸೂತ್ರ ಕಟ್ಟುವುದನ್ನು ಹತ್ತಿರದಿಂದ ನೋಡಿ. ಕಡ್ಡಿಗಳು ಕೂಡುವ ಕಡೆ ಒಂದು ಗಂಟು, ನಡುಗಡ್ಡಿಯ ಕೆಳಭಾಗದಲ್ಲಿ ಇನ್ನೊಂದು. ಗಾಳಿ ಜೋರಿದ್ದರೆ ಮೇಲಿನ ಎಳೆಯನ್ನು ತುಸು ಗಿಡ್ಡ ಮಾಡುತ್ತಾರೆ. ಆಗ ಪಟದ ತಲೆ ಗಾಳಿಯ ಕಡೆ ಬಾಗುತ್ತದೆ, ಎದೆ ಕಡಿಮೆ ಕೊಡುತ್ತದೆ, ಎಳೆತ ತಗ್ಗುತ್ತದೆ. ಸಮುದ್ರದಲ್ಲಿ ಹಲಗೆಯ ಮೇಲೆ ನಿಂತು ದೊಡ್ಡ ಪಟದಿಂದ ಎಳೆಸಿಕೊಂಡು ಓಡುವ ಕೈಟ್‌ಬೋರ್ಡಿಂಗ್‌ನಲ್ಲೂ ನಡೆಯುವುದು ಇದೇ. ಅಲ್ಲಿ ಸಾಮಾನ್ಯವಾಗಿ 20ರಿಂದ 24 ಮೀಟರ್ ಉದ್ದದ ನಾಲ್ಕು ದಾರಗಳು, ಕೈಯಲ್ಲೊಂದು ಅಡ್ಡಹಿಡಿಕೆ. ಹಿಡಿಕೆಯನ್ನು ತನ್ನ ಕಡೆ ಎಳೆದುಕೊಂಡರೆ ಹಿಂದಿನ ದಾರ ಬಿಗಿದು ಪಟ ಗಾಳಿಗೆ ಎದೆಯೊಡ್ಡುತ್ತದೆ, ದೂಡಿದರೆ ಬಲ ಇಳಿಯುತ್ತದೆ. ನಮ್ಮ ಹುಡುಗರು ಹಾರಿಸುವ ಮುಂಚೆ ಒಮ್ಮೆ ಕಟ್ಟಿ ಬಿಡುವ ಸೂತ್ರವನ್ನು ಅವರು ಹಾರುತ್ತಿರುವಾಗಲೇ ಬದಲಿಸುತ್ತಾರೆ, ಅಷ್ಟೇ.

ಆದರೆ ಅಳತೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಪತಂಗ ಕಾಲು ಚದರ ಮೀಟರ್ ಕೂಡ ಇರುವುದಿಲ್ಲ. 75 ಕಿಲೋ ತೂಕದವರು ಗಂಟೆಗೆ 28 ಕಿ.ಮೀ. ಗಾಳಿಯಲ್ಲಿ ಸುಮಾರು 11-12 ಚದರ ಮೀಟರ್ ಪಟ ಹಿಡಿಯುತ್ತಾರೆ. ಎರಡಡಿ ಚೌಕದ ಶಹಾಬಾದ್ ಕಲ್ಲು 32 ಹಾಸಿದರೆ ಎಷ್ಟು ಜಾಗವೋ ಅಷ್ಟು! ಗಾಳಿ 46 ಕಿ.ಮೀ. ಮುಟ್ಟಿದರೆ ಅದೇ ವ್ಯಕ್ತಿಗೆ 7 ಚದರ ಮೀಟರ್ ಸಾಕು. ಹಾಗಾಗಿ ಒಬ್ಬರ ಬಳಿ ಎರಡು-ಮೂರು ಪಟ ಇರುವುದು ಶೋಕಿಯಲ್ಲ. ಒಂದೇ ಪಟ ಎಲ್ಲ ಗಾಳಿಗೂ ನಡೆಯುತ್ತದೆ ಎನ್ನುವ ಮಾತನ್ನು ನಂಬಬೇಡಿ.

ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. 12 ಚದರ ಮೀಟರ್ ಪಟ ಒಂದೇ ಕಡೆ ನಿಂತಿದ್ದರೂ 28 ಕಿ.ಮೀ. ಗಾಳಿಯಲ್ಲಿ ಸುಮಾರು 35 ಕಿಲೋ ತೂಕದಷ್ಟು ಎಳೆಯುತ್ತದೆ, 40 ಕಿ.ಮೀ.ಗೆ 70 ಕಿಲೋ ದಾಟುತ್ತದೆ. ಅಂದರೆ ಹೆಚ್ಚುಕಡಿಮೆ ಆಳನ್ನೇ ಎತ್ತುವ ಬಲ. ಪಟ ಆಚೀಚೆ ಬೀಸಿ ಓಡತೊಡಗಿದರೆ ತನ್ನ ಓಟದಿಂದಲೇ ಇನ್ನಷ್ಟು ಗಾಳಿ ಹುಟ್ಟಿಸಿಕೊಳ್ಳುತ್ತದೆ, ಎಳೆತ ಮತ್ತೂ ಹೆಚ್ಚುತ್ತದೆ. ಗಾಳಿ ತೆಳುವಾದಾಗ ಪಳಗಿದವರು ಪಟವನ್ನು ಮೇಲೆ ಕೆಳಗೆ ಓಡಿಸುತ್ತಲೇ ಇರುವುದು ಇದಕ್ಕೇ. ವರ್ಗದ ಲೆಕ್ಕ ಹೇಳುವಷ್ಟು ಭಾರಿ ಪಟ ಅವರಿಗೆ ಬೇಕಾಗದಿರುವುದಕ್ಕೂ ಇದೇ ಕಾರಣ.

ಆಕಾರದ ಮಾತು. ನೀರಿಗೆ ಬಿದ್ದ ಪಟ ಮತ್ತೆ ಏಳಬೇಕಲ್ಲ? ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೂನೋ ಮತ್ತು ಡೊಮಿನಿಕ್ ಲೆಗೆನೂ ಸಹೋದರರು ಪಟದ ಮುಂಚೂಣಿಯಲ್ಲಿ ಗಾಳಿ ತುಂಬಿದ ಕೊಳವೆ ಇಟ್ಟು 1984ರಲ್ಲಿ ಪೇಟೆಂಟ್ ಮಾಡಿಸಿದರು. ಇಂದಿಗೂ ಕಲಿಯುವವರಿಗೆ ಅದೇ ಮಾದರಿ ಯೋಗ್ಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿ ಬಂತು, ಸ್ಪರ್ಧೆ ನಡೆದದ್ದು ಮಾರ್ಸೇಯ ಕಡಲಲ್ಲಿ. ಅಲ್ಲಿ ಬಳಸಿದ್ದು ಕೊಳವೆಯಿಲ್ಲದ, ಬಟ್ಟೆಯ ಗೂಡುಗಳೊಳಗೆ ಗಾಳಿಯೇ ನುಗ್ಗಿ ಉಬ್ಬುವ ಉದ್ದ ರೆಕ್ಕೆಯ ಪಟ. ಉದ್ದ ಹೆಚ್ಚು, ಅಗಲ ಕಡಿಮೆ ಇದ್ದಷ್ಟೂ ಪಟ ಚುರುಕು, ಆದರೆ ಹೊಸಬರ ಕೈಗೆ ಸಿಗದು.

ಇನ್ನು ನಮ್ಮ ಸೀಮೆಯ ವಿಚಾರ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ಕಂಡಾಗ ಇಲ್ಲೇ ಯಾಕಾಗಬಾರದು ಅನ್ನಿಸುವುದು ಸಹಜ. ಆಗುವುದಿಲ್ಲ. ಅದು ವನ್ಯಜೀವಿಧಾಮದ ಕಾಡು, ಸುತ್ತ ಗುಡ್ಡ, ಮರ. ಗುಡ್ಡ ದಾಟಿ ಬರುವ ಗಾಳಿ ಸುಳಿಯಾಗಿ ಒಡೆದಿರುತ್ತದೆ. ಕಾಗಿಣಾ ಹೊಳೆ ಕಿರಿದು, ದಂಡೆ ಕಲ್ಲು. ಬಯಲಲ್ಲೂ ತೊಂದರೆ ತಪ್ಪಿದ್ದಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾದ ಎರೆಭೂಮಿ, ಕಲ್ಲುಗಣಿಗಳ ಮೇಲಿಂದ ಬಿಸಿಗಾಳಿ ಏಳುವುದರಿಂದ ಒಂದು ಕ್ಷಣ ಸ್ತಬ್ಧ, ಮರುಕ್ಷಣ ರಪ್ಪನೆ ಬೀಸು. ಗಾಳಿಯೂ ತೆಳ್ಳಗೆ: ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸಿನಲ್ಲಿ, 42 ಡಿಗ್ರಿ ಸೆಕೆಯಲ್ಲಿ ಅದರ ಸಾಂದ್ರತೆ ಕರಾವಳಿಗಿಂತ ನೂರಕ್ಕೆ ಎಂಟು-ಒಂಬತ್ತು ಪಾಲು ಕಡಿಮೆ. ಎಳೆತವೂ ಅಷ್ಟೇ ಕಡಿಮೆ. ಬೀಸುಗಾಳಿ ಬಂದಾಗ ಮಾತ್ರ ಈ ಕೊರತೆ ಯಾರ ನೆರವಿಗೂ ಬರುವುದಿಲ್ಲ.

ಕಲಿಯುವ ಆಸೆಯಿದ್ದವರು ರಾಮೇಶ್ವರಕ್ಕೆ ಹೋಗಬೇಕು. ಅಲ್ಲಿ ಆಳವಿಲ್ಲದ ಕಡಲು, ಬೇಸಿಗೆಯಿಂದ ಮುಂಗಾರಿನವರೆಗೆ ನೈರುತ್ಯದ ಗಾಳಿ, ಹಿಂಗಾರಿನಲ್ಲಿ ಈಶಾನ್ಯದ್ದು. ಅದಕ್ಕೂ ಮುಂಚೆ ಊರಲ್ಲೇ ಎರಡು-ಮೂರು ಚದರ ಮೀಟರ್‌ನ ತರಬೇತಿ ಪಟ ಹಿಡಿದು ಕೈ ಪಳಗಿಸಬಹುದು, ಅದೂ ತೆಳುಗಾಳಿಯಲ್ಲಿ, ಕೊಯ್ಲು ಮುಗಿದ ಹೊಲದಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು. ದೊಡ್ಡ ಪಟಕ್ಕೆ ದುಡ್ಡು ಸುರಿಯುವುದು ತರಬೇತಿಯ ನಂತರವಿರಲಿ. ಕೊಳ್ಳುವಾಗ ತೂಕ, ಹೋಗುವ ತೀರದ ಗಾಳಿ, ತುರ್ತಿನಲ್ಲಿ ಪಟ ಕಳಚುವ ಕೊಂಡಿ ಈ ಮೂರನ್ನೂ ನೋಡಿ. ಬಣ್ಣ ಕೊನೆಗೆ.

ಪತಂಗವೇ ಸಾಕು ಎನ್ನುವವರಿಗೂ ಒಂದು ಮಾತು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ದೇಶಾದ್ಯಂತ ನಿಷೇಧಿಸಿದೆ, ಹತ್ತಿಯ ದಾರವನ್ನೇ ಬಳಸಿ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ನಾಲ್ಕೂ ರೈಲುಮಾರ್ಗದ ಊರುಗಳು. ಹಳಿಯ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಅದಕ್ಕೆ ಸಿಕ್ಕಿಕೊಂಡ ಪಟವನ್ನು ಬಿಡಿಸಲು ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ.