ಪೌರತ್ವ ಸಿಕ್ಕ ಮೇಲೆ ಮೊದಲ ಪಾಸ್‌ಪೋರ್ಟ್: ರಾಯಚೂರು, ದೇವದುರ್ಗ, ಮಾನ್ವಿ ಭಾಗದವರಿಗೆ ಮಾಹಿತಿ

ಹುಟ್ಟಿನಿಂದ ಭಾರತೀಯರಾದವರು ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಒಂದು ಸಾಲನ್ನು ಗಮನಿಸುವುದೇ ಇಲ್ಲ. ‘ಭಾರತದ ಪೌರತ್ವ ಯಾವುದರಿಂದ’ ಎಂಬುದು ಆ ಸಾಲು. ‘ಜನನದಿಂದ’ ಎಂದು ಒತ್ತಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಹೊರದೇಶದಲ್ಲಿ ಹುಟ್ಟಿ, ಇಲ್ಲಿ ಬಾಳಿ, ಕಾನೂನಿನ ದಾರಿಯಲ್ಲಿ ಪೌರತ್ವ ಪಡೆದವರಿಗೆ ಇಡೀ ಅರ್ಜಿಯಲ್ಲಿ ಅತಿ ಮುಖ್ಯವಾದದ್ದು ಆ ಒಂದು ಸಾಲೇ. ಅಲ್ಲಿ ತಪ್ಪು ಬರೆದರೆ ಪಾಸ್‌ಪೋರ್ಟ್ ತಡವಾಗುವುದಷ್ಟೇ ಅಲ್ಲ, ಕೇಸಿನವರೆಗೂ ಹೋಗಬಹುದು.

ರಾಯಚೂರು ಜಿಲ್ಲೆಗೆ ಇದು ದೂರದ ವಿಷಯವಲ್ಲ. ಪೂರ್ವ ಪಾಕಿಸ್ತಾನ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ 1970ರ ದಶಕದಲ್ಲಿ ಸಿಂಧನೂರು ತಾಲೂಕಿನಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಇವತ್ತಿಗೂ ಆ ಊರುಗಳನ್ನು ಜನ ‘ಆರ್.ಎಚ್. ಕ್ಯಾಂಪ್’ ಎಂದೇ ಕರೆಯುತ್ತಾರೆ. ಅಲ್ಲಿ ದುರ್ಗಾಪೂಜೆ ನಡೆಯುತ್ತದೆ, ಮನೆಯೊಳಗೆ ಬಂಗಾಳಿ ಮಾತು, ಹೊರಗೆ ಕನ್ನಡ. 2024ರಲ್ಲಿ ಈ ಭಾಗದ ಕೆಲವರಿಗೆ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಪೌರತ್ವ ದೊರೆಯಿತು. ಇದಲ್ಲದೆ ನೇಪಾಳ, ಶ್ರೀಲಂಕಾ ಮುಂತಾದ ದೇಶಗಳಿಂದ ಮದುವೆಯಾಗಿ ಬಂದ ಸೊಸೆಯಂದಿರು ದೇಶದ ಎಲ್ಲ ಭಾಗಗಳಲ್ಲೂ ಇದ್ದಾರೆ. ಇವರೆಲ್ಲರ ಮುಂದೆ ಬರುವ ಪ್ರಶ್ನೆ ಒಂದೇ: ಪೌರತ್ವ ಪ್ರಮಾಣಪತ್ರ ಕೈಗೆ ಬಂತು, ಪಾಸ್‌ಪೋರ್ಟ್‌ಗೆ ಮುಂದೇನು?

ಯಾರಿಗೆ ಪ್ರಮಾಣಪತ್ರ ಬೇಕು, ಯಾರಿಗೆ ಬೇಡ

1955ರ ಪೌರತ್ವ ಕಾಯ್ದೆಯಲ್ಲಿ ಹಲವು ದಾರಿಗಳಿವೆ. ಅರ್ಜಿದಾರರು ಯಾವ ದಾರಿಯಲ್ಲಿ ಪೌರರಾದರು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು.

ಜನನದಿಂದ: 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರಾಗಿದ್ದರೂ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಭಾರತೀಯ ಪೌರರು. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರ ವಿಷಯದಲ್ಲಿ, ಹುಟ್ಟಿದ ಸಮಯಕ್ಕೆ ತಂದೆ ಅಥವಾ ತಾಯಿ ಭಾರತೀಯ ಪೌರರಾಗಿರಬೇಕು. ಆ ನಂತರ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಒಂದು ಉದಾಹರಣೆ ನೋಡೋಣ. 1971ರಲ್ಲಿ ಬಂದ ದಂಪತಿಗೆ 1975ರಲ್ಲಿ ಕ್ಯಾಂಪ್‌ನಲ್ಲಿಯೇ ಮಗಳು ಹುಟ್ಟಿದ್ದರೆ ಅವಳು ಜನನದಿಂದಲೇ ಪೌರಳು. ಅವಳಿಗೆ ಪೌರತ್ವ ಪ್ರಮಾಣಪತ್ರದ ಅಗತ್ಯವಿಲ್ಲ. ಇಲ್ಲಿ ಹುಟ್ಟಿದ್ದಕ್ಕೆ ದಾಖಲೆ ಬೇಕು. 1990ರಲ್ಲಿ ಹುಟ್ಟಿದ ಅವಳ ತಮ್ಮನ ವಿಷಯದಲ್ಲಿ ತಂದೆತಾಯಿಯ ಪೌರತ್ವವನ್ನೂ ನೋಡುತ್ತಾರೆ. ಹೊರದೇಶದಲ್ಲಿ ಹುಟ್ಟಿ ಬಂದ ತಂದೆತಾಯಿಗೆ ಪ್ರಮಾಣಪತ್ರ ಬೇಕೇ ಬೇಕು. ಹೀಗೆ ಒಂದೇ ಮನೆಯ ಮೂವರಿಗೆ ಮೂರು ಉತ್ತರ. ಮನೆಮಂದಿಯೆಲ್ಲರ ಅರ್ಜಿಯನ್ನು ಒಂದೇ ಅಚ್ಚಿನಲ್ಲಿ ತುಂಬುವುದು ಬಹಳ ಅಪಾಯ.

ನೋಂದಣಿಯಿಂದ: ಭಾರತೀಯರನ್ನು ಮದುವೆಯಾಗಿ 7 ವರ್ಷ ಇಲ್ಲಿ ವಾಸವಿದ್ದವರು, ಭಾರತೀಯ ಮೂಲದವರಾಗಿ 7 ವರ್ಷ ಇಲ್ಲಿ ವಾಸವಿದ್ದವರು ಸೆಕ್ಷನ್ 5ರಡಿ ಅರ್ಜಿ ಹಾಕಬಹುದು. ಮದುವೆಯಾದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ.

ದೇಶೀಕರಣದಿಂದ: ಇದು ಸೆಕ್ಷನ್ 6ರ ದಾರಿ. ಸಾಮಾನ್ಯವಾಗಿ ಒಟ್ಟು 12 ವರ್ಷದ ವಾಸ ಬೇಕು.

2019ರ ತಿದ್ದುಪಡಿಯಡಿ: ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದಿಂದ 2014ರ ಡಿಸೆಂಬರ್ 31ರಂದು ಅಥವಾ ಅದಕ್ಕೂ ಮೊದಲು ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತ ಸಮುದಾಯದವರಿಗೆ ಈ ದಾರಿ. ದೇಶೀಕರಣಕ್ಕೆ ಬೇಕಾದ 11 ವರ್ಷದ ವಾಸವನ್ನು ಇವರಿಗೆ 5 ವರ್ಷಕ್ಕೆ ಇಳಿಸಲಾಗಿದೆ. ಇದರ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಅರ್ಜಿ ಆನ್‌ಲೈನ್‌ನಲ್ಲಿ. ಅಂಚೆ ಇಲಾಖೆಯ ಅಧಿಕಾರಿ ನೇತೃತ್ವದ ಜಿಲ್ಲಾ ಮಟ್ಟದ ಸಮಿತಿ ದಾಖಲೆ ನೋಡಿ ನಿಷ್ಠೆಯ ಪ್ರಮಾಣ ಮಾಡಿಸುತ್ತದೆ. ಜನಗಣತಿ ನಿರ್ದೇಶಕರ ನೇತೃತ್ವದ ರಾಜ್ಯ ಮಟ್ಟದ ಸಮಿತಿ ತೀರ್ಮಾನ ಕೈಗೊಳ್ಳುತ್ತದೆ. ಈ ದಾರಿಯಲ್ಲಿ ಬಂದವರನ್ನು ಅವರು ಭಾರತಕ್ಕೆ ಬಂದ ದಿನದಿಂದಲೇ ಪೌರರೆಂದು ಕಾಯ್ದೆ ಪರಿಗಣಿಸುತ್ತದೆ. ಆದ್ದರಿಂದ ಇವರ ಮಕ್ಕಳ ಪಾಸ್‌ಪೋರ್ಟ್ ಅರ್ಜಿಯ ಜೊತೆ ತಂದೆತಾಯಿಯ ಪ್ರಮಾಣಪತ್ರದ ಪ್ರತಿಯೂ ಇರಲಿ.

ಜೈನ ಓದುಗರು ಕೇಳುವ ಇನ್ನೊಂದು ವಿಷಯವಿದೆ. ದೇಶ ವಿಭಜನೆಯ ಹೊತ್ತಿಗೆ ಲಾಹೋರ್, ಮುಲ್ತಾನ್, ಗುಜ್ರಾನ್‌ವಾಲಾ ಕಡೆಯಿಂದ ಬಂದ ಜೈನ ಕುಟುಂಬಗಳಿಗೂ ಇದು ಅನ್ವಯವಾಗುತ್ತದೆಯೇ? ಇಲ್ಲ. 1948ರ ಜುಲೈ 19ಕ್ಕೆ ಮೊದಲು ಬಂದು ಇಲ್ಲೇ ನೆಲೆಸಿದವರನ್ನು ಸಂವಿಧಾನದ 6ನೇ ವಿಧಿಯೇ ಪೌರರೆಂದು ಒಪ್ಪಿದೆ. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರಂತೆಯೇ ಅರ್ಜಿ ಹಾಕಬಹುದು.

ಅದೇ ರೀತಿ ಮಾನ್ವಿ, ಸಿಂಧನೂರು ತಾಲೂಕುಗಳ ಕಾಲುವೆ ಪ್ರದೇಶದಲ್ಲಿ ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪ್’ಗಳೂ ಇವೆ. ವಿಳಾಸದಲ್ಲಿ ಕ್ಯಾಂಪ್ ಎಂದಿದ್ದ ಮಾತ್ರಕ್ಕೆ ಅವರು ಹೊರದೇಶದವರಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದವರು. ಅವರಿಗೆ ಪೌರತ್ವ ಪ್ರಮಾಣಪತ್ರದ ಮಾತೇ ಇಲ್ಲ.

ಅರ್ಜಿಗೆ ಮೊದಲು ಸರಿಪಡಿಸಬೇಕಾದದ್ದು

ಪೌರತ್ವ ಪ್ರಮಾಣಪತ್ರದಲ್ಲಿರುವ ಹೆಸರು, ಹುಟ್ಟಿದ ದಿನಾಂಕ, ಹುಟ್ಟಿದ ಊರು ಇವೇ ಇನ್ನು ಮುಂದೆ ಆಧಾರ. ಉಳಿದ ದಾಖಲೆಗಳು ಅದಕ್ಕೆ ಹೊಂದಬೇಕು. ತೊಂದರೆ ಆಗುವುದೇ ಇಲ್ಲಿ.

ಬಂಗಾಳಿ ಹೆಸರು ಕನ್ನಡಕ್ಕೆ ಬಂದು, ಕನ್ನಡದಿಂದ ಮತ್ತೆ ಇಂಗ್ಲಿಷ್‌ಗೆ ಹೋಗುವಾಗ ರೂಪ ಬದಲಾಗುತ್ತದೆ. ಮೊಂಡಲ್ ಎಂಬುದು ಒಂದು ಕಡೆ ಮಂಡಲ್, ಬಿಸ್ವಾಸ್ ಎಂಬುದು ಇನ್ನೊಂದು ಕಡೆ ವಿಶ್ವಾಸ್ ಆಗಬಹುದು. ನಮ್ಮ ಸಮಾಜದಲ್ಲೂ ಶಾಲೆಯ ದಾಖಲೆಯಲ್ಲಿ ‘ಜೈನ್’ ಎಂದಿದ್ದು, ಬ್ಯಾಂಕಿನಲ್ಲಿ ಮನೆತನದ ಹೆಸರು ಇರುವವರು ಕಡಿಮೆಯಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಪ್ರಮಾಣಪತ್ರದಲ್ಲಿರುವ ಅಕ್ಷರಗಳೇ ಇರುವಂತೆ ತಿದ್ದಿಸಿಕೊಂಡು ನಂತರ ಅರ್ಜಿ ಹಾಕಿ. ಹಿಂದೆ ಬೇರೆ ಹೆಸರಿನಿಂದ ಗುರುತಿಸಿಕೊಂಡಿದ್ದರೆ ಅರ್ಜಿಯಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಬರೆಯಿರಿ.

ಹುಟ್ಟಿದ ಊರಿನ ವಿಷಯ ಇನ್ನೂ ಸೂಕ್ಷ್ಮ. ಶಾಲೆಗೆ ಸೇರಿಸುವಾಗ ಮಗುವಿನ ಜನ್ಮಸ್ಥಳ ‘ಸಿಂಧನೂರು’ ಎಂದು ಬರೆಸಿದ್ದಿರಬಹುದು. ಪ್ರಮಾಣಪತ್ರದಲ್ಲಿ ಬಾಂಗ್ಲಾದೇಶದ ಊರು ಇರುತ್ತದೆ. ಇಂತಹ ಟಿ.ಸಿ.ಯನ್ನು ಜನ್ಮ ದಾಖಲೆಯಾಗಿ ಕೊಟ್ಟರೆ ಎರಡು ದಾಖಲೆಗಳು ಒಂದನ್ನೊಂದು ಸುಳ್ಳು ಮಾಡುತ್ತವೆ. 2023ರ ಅಕ್ಟೋಬರ್ 1ಕ್ಕೆ ಮೊದಲು ಹುಟ್ಟಿದವರಿಗೆ ಜನ್ಮ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಬೇಕೆಂದಿಲ್ಲ; ಪ್ಯಾನ್, ಮತದಾರರ ಗುರುತಿನ ಚೀಟಿ, ವಾಹನ ಚಾಲನಾ ಪರವಾನಗಿ ಮುಂತಾದವೂ ನಡೆಯುತ್ತವೆ. ಅಂದು ಅಥವಾ ಆನಂತರ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರ ಕಡ್ಡಾಯ.

ಹಿಂದಿನ ದೇಶದ ಪಾಸ್‌ಪೋರ್ಟ್ ಇದ್ದವರು ಅದನ್ನು ಆ ದೇಶದ ರಾಯಭಾರ ಕಚೇರಿಯ ಕ್ರಮದಂತೆ ಒಪ್ಪಿಸಿ, ರಸೀದಿ ಇಟ್ಟುಕೊಳ್ಳಬೇಕು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ.

ಇನ್ನೊಂದು ಮಾತು: ಆಧಾರ್ ಪೌರತ್ವದ ದಾಖಲೆಯಲ್ಲ, ಅದು ವಾಸಕ್ಕೆ ಸಂಬಂಧಿಸಿದ್ದು. ‘ಆಧಾರ್ ಇದೆ, ರೇಷನ್ ಕಾರ್ಡ್ ಇದೆ, ಇನ್ನೇನು ಬೇಕು’ ಎಂಬ ಮಾತು ಪಾಸ್‌ಪೋರ್ಟ್ ಕಚೇರಿಯಲ್ಲಿ ನಡೆಯುವುದಿಲ್ಲ.

ಅರ್ಜಿ ಹಾಕುವ ಕ್ರಮ

1. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅಥವಾ ಎಂಪಾಸ್‌ಪೋರ್ಟ್ ಸೇವಾ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಅದೇ ರೀತಿ ಕಾಣುವ ನಕಲಿ ತಾಣಗಳಿವೆ, ಎಚ್ಚರ.

2. ಹೊಸ ಪಾಸ್‌ಪೋರ್ಟ್, ಸಾಮಾನ್ಯ ವಿಧಾನ ಎಂದು ಆರಿಸಿ. ನೋಂದಣಿ ಅಥವಾ ದೇಶೀಕರಣದಿಂದ ಪೌರರಾದವರಿಗೆ ತತ್ಕಾಲ್ ಸೌಲಭ್ಯ ಇಲ್ಲ. ತತ್ಕಾಲ್‌ನಲ್ಲಿ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಅವರಿಗೆ ನಿಯಮ ಗೊತ್ತಿಲ್ಲ ಅಥವಾ ಗೊತ್ತಿದ್ದೂ ಮೋಸ ಮಾಡುತ್ತಿದ್ದಾರೆ.

3. ಜನ್ಮಸ್ಥಳದಲ್ಲಿ ನಿಜವಾಗಿ ಹುಟ್ಟಿದ ದೇಶ ಬರೆಯಿರಿ. ಪೌರತ್ವದ ಸಾಲಿನಲ್ಲಿ ‘ನೋಂದಣಿ/ದೇಶೀಕರಣ’ ಆರಿಸಿ.

4. ಶುಲ್ಕ: 36 ಪುಟಗಳ, 10 ವರ್ಷ ಅವಧಿಯ ಪುಸ್ತಕಕ್ಕೆ 1500 ರೂಪಾಯಿ, 60 ಪುಟಗಳದ್ದಕ್ಕೆ 2000. 18ರೊಳಗಿನ ಮಕ್ಕಳಿಗೆ 1000. 8 ವರ್ಷದೊಳಗಿನ ಮಕ್ಕಳಿಗೆ ಮತ್ತು 60 ದಾಟಿದವರಿಗೆ ಹೊಸ ಅರ್ಜಿಯಲ್ಲಿ ಶೇ 10 ರಿಯಾಯಿತಿ ಇದೆ. ಹಣ ಕಟ್ಟಿದ ಮೇಲೆಯೇ ದಿನ, ವೇಳೆ ಸಿಗುತ್ತದೆ.

5. ದೇವದುರ್ಗ, ಮಾನ್ವಿಯವರಿಗೆ ಹತ್ತಿರದ್ದು ರಾಯಚೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ. ಪಾಸ್‌ಪೋರ್ಟ್ ನೀಡುವ ಅಧಿಕಾರ ಇರುವುದು ಬೆಂಗಳೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ. ಕೊಟ್ಟ ವೇಳೆಗಿಂತ ಸ್ವಲ್ಪ ಮೊದಲೇ ತಲುಪುವಂತೆ ಬಸ್ಸು ನೋಡಿಕೊಳ್ಳಿ.

ಕೈಯಲ್ಲಿರಬೇಕಾದ ದಾಖಲೆಗಳು

- ಪೌರತ್ವದ ನೋಂದಣಿ ಅಥವಾ ದೇಶೀಕರಣ ಪ್ರಮಾಣಪತ್ರ. ಡಿಜಿಟಲ್ ಆಗಿ ಬಂದಿದ್ದರೆ ಸ್ಪಷ್ಟವಾದ ಮುದ್ರಿತ ಪ್ರತಿ ಮತ್ತು ಮೂಲ ಕಡತ ಎರಡೂ ಇರಲಿ
- ಜನ್ಮ ದಿನಾಂಕದ ದಾಖಲೆ
- ಈಗಿನ ವಿಳಾಸದ ದಾಖಲೆ: ಆಧಾರ್, ಜೆಸ್ಕಾಂ ಕರೆಂಟ್ ಬಿಲ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಸಂಪರ್ಕದ ದಾಖಲೆ ಇತ್ಯಾದಿ
- ಹಿಂದಿನ ದೇಶದ ಪಾಸ್‌ಪೋರ್ಟ್ ಒಪ್ಪಿಸಿದ ರಸೀದಿ, ಇದ್ದರೆ
- ಹತ್ತನೇ ತರಗತಿ ಪಾಸಾದ ಅಂಕಪಟ್ಟಿ, ಇದ್ದರೆ

ಎಲ್ಲವೂ ಮೂಲ ಪ್ರತಿ, ಜೊತೆಗೆ ನಿಮ್ಮದೇ ಸಹಿ ಹಾಕಿದ ಜೆರಾಕ್ಸ್ ಒಂದು ಸೆಟ್. ದೊಡ್ಡವರ ಫೋಟೊ, ಬೆರಳಚ್ಚು ಕೇಂದ್ರದಲ್ಲೇ ತೆಗೆಯುತ್ತಾರೆ. 4 ವರ್ಷದೊಳಗಿನ ಮಕ್ಕಳ ಫೋಟೊ ಮಾತ್ರ ಬಿಳಿ ಹಿನ್ನೆಲೆಯಲ್ಲಿ ತೆಗೆಸಿ ಒಯ್ಯಬೇಕು. ಘೋಷಣಾ ಪತ್ರಗಳನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು, ನೋಟರಿ ಬೇಡ. ಮದುವೆ ಪ್ರಮಾಣಪತ್ರ ಕಡ್ಡಾಯ ಎಂಬ ನಿಯಮವನ್ನೂ 2016ರ ಕೊನೆಯಲ್ಲಿ ತೆಗೆಯಲಾಗಿದೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ, ವಯಸ್ಸು ಮುಂತಾದ ಕೆಲವು ವಿನಾಯಿತಿ ಬಿಟ್ಟರೆ, ‘ಇ.ಸಿ.ಆರ್.’ ಎಂದು ಬರುತ್ತದೆ. ಪ್ರವಾಸಕ್ಕೆ ಇದರಿಂದ ಅಡ್ಡಿಯಿಲ್ಲ. ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ ಸರ್ಕಾರದ ಅನುಮತಿ ಬೇಕು.

ಪೊಲೀಸ್ ಪರಿಶೀಲನೆ

ಅರ್ಜಿ ನಿಮ್ಮ ವಿಳಾಸದ ಠಾಣೆಗೆ ಹೋಗುತ್ತದೆ. ಕಳೆದ ಒಂದು ವರ್ಷದಲ್ಲಿ ಬೇರೆ ಊರಿನಲ್ಲಿದ್ದರೆ ಆ ವಿಳಾಸವನ್ನೂ ಬರೆಯಬೇಕು. ಹತ್ತಿ ಬಿಡಿಸಲು, ಕಟ್ಟಡ ಕೆಲಸಕ್ಕೆ ಎಂದು ಹೊರಗಿದ್ದವರು ಇದನ್ನು ಬಿಟ್ಟುಬಿಡುತ್ತಾರೆ. ಪೊಲೀಸರು ಬಂದಾಗ ಅಕ್ಕಪಕ್ಕದವರು ‘ಇವರು ಇಲ್ಲಿರಲೇ ಇಲ್ಲ’ ಎಂದರೆ ವರದಿ ಪ್ರತಿಕೂಲವಾಗುತ್ತದೆ.

ಹೊಸದಾಗಿ ಪೌರರಾದವರಿಗೆ ಇಲ್ಲಿ ಸ್ವಲ್ಪ ಹೆಚ್ಚು ಪ್ರಶ್ನೆ ಬರಬಹುದು. ‘ಎಲ್ಲಿ ಹುಟ್ಟಿದ್ದು’ ಎಂದರೆ ಅರ್ಜಿಯಲ್ಲಿ ಬರೆದದ್ದನ್ನೇ ಹೇಳಿ, ಪ್ರಮಾಣಪತ್ರ ತೋರಿಸಿ. ಪ್ರಮಾಣಪತ್ರ ಕೊಟ್ಟ ಪ್ರಾಧಿಕಾರದಿಂದ ಪಾಸ್‌ಪೋರ್ಟ್ ಕಚೇರಿ ದೃಢೀಕರಣವನ್ನೂ ಕೇಳಬಹುದು. ತಡವಾದರೆ ಗಾಬರಿ ಬೇಡ. ಅರ್ಜಿಯ ಸ್ಥಿತಿಯನ್ನು ಆನ್‌ಲೈನ್‌ನಲ್ಲಿ ಅಥವಾ 1800-258-1800 ಉಚಿತ ಸಂಖ್ಯೆಯಲ್ಲಿ ತಿಳಿಯಬಹುದು. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೇ ಬರುತ್ತದೆ, ಅರ್ಜಿದಾರರ ಕೈಗೇ ಕೊಡುತ್ತಾರೆ. ನಿರಾಕರಿಸಿದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಸೆಕ್ಷನ್ 11ರಡಿ ಮೇಲ್ಮನವಿ ಸಲ್ಲಿಸುವ ಹಕ್ಕಿದೆ.

ಸುಲಭದ ದಾರಿ ಎಂಬ ಬಲೆ

‘ಇಲ್ಲೇ ಹುಟ್ಟಿದ್ದೆಂದು ಬರೆದುಬಿಡಿ, ಜನನ ಪ್ರಮಾಣಪತ್ರ ನಾನು ಮಾಡಿಸುತ್ತೇನೆ, ಯಾರು ಕೇಳುತ್ತಾರೆ’ ಎನ್ನುವ ಏಜೆಂಟರು ಎಲ್ಲ ಕಡೆ ಇದ್ದಾರೆ. ಪಾಸ್‌ಪೋರ್ಟ್‌ಗಾಗಿ ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮುಖ್ಯ ವಿಷಯ ಮುಚ್ಚಿಟ್ಟರೆ ಸೆಕ್ಷನ್ 12ರಡಿ 2 ವರ್ಷದವರೆಗೆ ಜೈಲು, 5000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪೌರರಲ್ಲದವರು ತಮ್ಮ ರಾಷ್ಟ್ರೀಯತೆ ಮುಚ್ಚಿಟ್ಟು ಅರ್ಜಿ ಹಾಕಿದರೆ ಶಿಕ್ಷೆ 1ರಿಂದ 5 ವರ್ಷ. ಪಾಸ್‌ಪೋರ್ಟ್ ಬಂದ ಮೇಲೆ ಗೊತ್ತಾದರೂ ಅದನ್ನು ಜಪ್ತಿ ಮಾಡಬಹುದು.

ಇಲ್ಲಿ ಯೋಚಿಸಬೇಕಾದ ಒಂದು ವಿಷಯವಿದೆ. ಪೌರತ್ವ ಸಿಗುವ ಮೊದಲು ಭಯದಿಂದ ಸುಳ್ಳು ಹೇಳಿದವರಿದ್ದರೆ ಅದಕ್ಕೆ ಒಂದು ಕಾರಣವಾದರೂ ಇತ್ತು. ಪ್ರಮಾಣಪತ್ರ ಕೈಯಲ್ಲಿರುವವರಿಗೆ ಆ ಕಾರಣವೇ ಇಲ್ಲ. ಹೊರದೇಶದಲ್ಲಿ ಹುಟ್ಟಿದ್ದು ಅವರಿಗೆ ಈಗ ಅಪರಾಧವಲ್ಲ, ಅಡ್ಡಿಯೂ ಅಲ್ಲ. ನೋಂದಣಿಯಿಂದ ಬಂದ ಪೌರನ ಪಾಸ್‌ಪೋರ್ಟ್‌ಗೂ ಹುಟ್ಟಿನಿಂದ ಬಂದ ಪೌರನ ಪಾಸ್‌ಪೋರ್ಟ್‌ಗೂ ಬಣ್ಣದಲ್ಲಾಗಲಿ ಬೆಲೆಯಲ್ಲಾಗಲಿ ವ್ಯತ್ಯಾಸವಿಲ್ಲ; ಎರಡರಲ್ಲೂ ರಾಷ್ಟ್ರೀಯತೆಯ ಸಾಲಿನಲ್ಲಿ ‘ಭಾರತೀಯ’ ಎಂದೇ ಇರುತ್ತದೆ. ಸುಳ್ಳು ಬರೆದರೆ ಮಾತ್ರ ಆ ಸಾಲು ಅಲುಗಾಡುತ್ತದೆ.

ನಿಮ್ಮ ಓಣಿಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ಕೆಲಸ ಮಾಡುವವರಲ್ಲಿ ಇಂತಹ ಕುಟುಂಬಗಳಿದ್ದರೆ ಈ ಮಾಹಿತಿ ತಿಳಿಸಿ. ಅರ್ಜಿ ತುಂಬಲು ಓದು ಬಲ್ಲ ಒಬ್ಬರು ಅರ್ಧ ಗಂಟೆ ಪಕ್ಕದಲ್ಲಿ ಕುಳಿತರೆ ಏಜೆಂಟರಿಗೆ ಹೋಗುವ ಸಾವಿರಾರು ರೂಪಾಯಿ ಉಳಿಯುತ್ತದೆ.