ಟ್ರಿನಿಡಾಡ್‌ನಲ್ಲಿ ದೀಪಾವಳಿಗೆ ರಜೆ ಸಿಕ್ಕ ಬಗೆ

ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ಮತ್ತು ಟೊಬೇಗೊ ದೇಶದಲ್ಲಿ ದೀಪಾವಳಿ 1966ರಿಂದ ಸಾರ್ವಜನಿಕ ರಜಾದಿನ. ಅಂದು ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳಿಗೆ ಬೀಗ. 2011ರ ಜನಗಣತಿಯ ಪ್ರಕಾರ ಅಲ್ಲಿನ ಹಿಂದೂಗಳ ಪ್ರಮಾಣ ಶೇ 18ರ ಆಸುಪಾಸು. ಇಷ್ಟು ಚಿಕ್ಕ ಸಮುದಾಯದ ಹಬ್ಬ ಇಡೀ ದೇಶದ ರಜೆಯಾಗಲು 121 ವರ್ಷ ಹಿಡಿಯಿತು.

1845ರ ಮೇ 30ರಂದು ‘ಫಾತೆಲ್ ರಜಾಕ್’ ಎಂಬ ಹಡಗು ಭಾರತದ ಕೂಲಿಗಳ ಮೊದಲ ತಂಡವನ್ನು ಅಲ್ಲಿಗೆ ತಂದಿಳಿಸಿತು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳ ದುಡಿಮೆಗೆ ಆಳುಗಳು ಬೇಕಾಗಿದ್ದರು. 1917ರಲ್ಲಿ ಈ ಸಾಗಾಟ ನಿಲ್ಲುವಷ್ಟರಲ್ಲಿ 1.4 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಬಹುಪಾಲು ಇಂದಿನ ಉತ್ತರ ಪ್ರದೇಶ, ಬಿಹಾರದ ಹಳ್ಳಿಗರು. ಕರಾರಿನ ಕೂಲಿ ಹೇಳದೆ ಕೇಳದೆ ಕೆಲಸ ತಪ್ಪಿಸಿದರೆ ಅದು ಜೈಲಿಗೆ ಕಳಿಸಬಹುದಾದ ಅಪರಾಧ. ಅಂಥವರಿಗೆ ಹಬ್ಬದ ದಿನ ಮನೆಯಲ್ಲಿ ಕೂರುವುದೆಂದರೇನು ಎಂಬುದನ್ನು ಇದರಿಂದಲೇ ಊಹಿಸಬಹುದು.

ಕರಾರು ಮುಗಿದ ಮೇಲೂ ಕಾನೂನಿನ ಕಣ್ಣಿಗೆ ಇವರ ಧರ್ಮ ಬೀಳಲಿಲ್ಲ. ಪುರೋಹಿತರು ಮಾಡಿಸಿದ ಹಿಂದೂ ಮದುವೆಗೆ ಕಾನೂನಿನ ಮಾನ್ಯತೆ ಬಂದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಶಾಸ್ತ್ರೋಕ್ತವಾಗಿ ಮದುವೆಯಾದವರ ಮಕ್ಕಳೂ ಸರ್ಕಾರದ ಕಡತಗಳಲ್ಲಿ ಅಕ್ರಮ ಸಂತಾನವೇ. ದೇವಸ್ಥಾನದ ಪಾಡೂ ಬೇರೆಯಾಗಿರಲಿಲ್ಲ. ವಾಟರ್‌ಲೂ ಎಂಬ ಕರಾವಳಿಯ ಊರಿನಲ್ಲಿ ಶಿವದಾಸ ಸಾಧು ಎಂಬ ಕೂಲಿ ಕಟ್ಟಿದ್ದ ಪುಟ್ಟ ಗುಡಿಯನ್ನು, ಜಾಗ ಸಕ್ಕರೆ ಕಂಪನಿಯದೆಂಬ ಕಾರಣಕ್ಕೆ 1952ರಲ್ಲಿ ಕೆಡವಲಾಯಿತು. ಅವರನ್ನು ಜೈಲಿಗೂ ಹಾಕಲಾಯಿತು. ನೆಲ ಕಂಪನಿಯದಾದರೆ ಸಮುದ್ರ ಯಾರ ಸ್ವತ್ತೂ ಅಲ್ಲವೆಂದು ಅವರು ನೀರಿನಲ್ಲೇ ಕಟ್ಟತೊಡಗಿದರು. ಕಲ್ಲು, ಸಿಮೆಂಟು, ಮರಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು, ಉಬ್ಬರವಿಳಿತ ನೋಡಿಕೊಂಡು ವರ್ಷಗಟ್ಟಲೆ ದುಡಿದರು. 1990ರ ದಶಕದಲ್ಲಿ ಮತ್ತೆ ಕಟ್ಟಿದ ಆ ‘ಸಮುದ್ರದೊಳಗಿನ ಗುಡಿ’ಗೆ ಇಂದು ದಡದಿಂದ ನಡೆದುಹೋಗುವ ದಾರಿಯಿದೆ.

ಗುಡಿ ಕೆಡವಿದ ಅದೇ 1952ರಲ್ಲಿ ಬದಾಸಿ ಸಗನ್ ಮರಾಜ್ ಎಂಬ ನಾಯಕರ ಮುಂದಾಳತ್ವದಲ್ಲಿ ಹಿಂದೂ ಸಂಘಟನೆಗಳು ಸನಾತನ ಧರ್ಮ ಮಹಾಸಭಾ ಆಗಿ ಒಂದುಗೂಡಿದವು. ಸಭಾ ಮೊದಲು ಕೈಹಾಕಿದ್ದು ಶಾಲೆಗಳಿಗೆ. ಕಬ್ಬಿನ ಗದ್ದೆಗಳ ನಡುವೆ ಹತ್ತಾರು ಶಾಲೆಗಳು ಎದ್ದವು. ರಾಜಕೀಯದಲ್ಲಂತೂ ಕಹಿ ತುಂಬಿತ್ತು. 1958ರ ಚುನಾವಣೆಯಲ್ಲಿ ಹಿನ್ನಡೆ ಕಂಡ ರಾಜಕೀಯ ನಾಯಕ ಎರಿಕ್ ವಿಲಿಯಮ್ಸ್, ಭಾರತೀಯ ಮೂಲದವರನ್ನು ಹಗೆ ಸಾಧಿಸುವ ಅಲ್ಪಸಂಖ್ಯಾತರೆಂಬ ಅರ್ಥದಲ್ಲಿ ಜರೆದಿದ್ದರು. 1962ರಲ್ಲಿ ದೇಶ ಸ್ವತಂತ್ರವಾದಾಗ ಅವರೇ ಪ್ರಧಾನಿ. ದೀಪಾವಳಿಗೂ ಈದ್‌ಗೂ ಒಟ್ಟಿಗೆ ರಜೆ ಕೊಟ್ಟದ್ದು ಅವರ ಸರ್ಕಾರವೇ. ಕ್ರಿಸ್‌ಮಸ್, ಗುಡ್ ಫ್ರೈಡೆಯಂಥ ಹಬ್ಬಗಳಿದ್ದ ಪಟ್ಟಿಯಲ್ಲಿ ಕೂಲಿಗಳ ಹಬ್ಬಗಳೂ ಸೇರಿದವು. ಮದುವೆ, ಶಾಲೆ, ಗುಡಿಗಳಿಗಾಗಿ ನಡೆದ ಹೆಣಗಾಟ ಮೊದಲೇ ನೆಲ ಹದಮಾಡಿರದಿದ್ದರೆ ಬರೀ ಮನವಿಪತ್ರಕ್ಕೆ ಈ ರಜೆ ದಕ್ಕುತ್ತಿರಲಿಲ್ಲ.

ಕರ್ನಾಟಕದ ಸರ್ಕಾರಿ ರಜಾಪಟ್ಟಿಯಲ್ಲಿ ನರಕ ಚತುರ್ದಶಿ, ಬಲಿಪಾಡ್ಯಮಿಗಳಿವೆ. ಟ್ರಿನಿಡಾಡ್‌ನಲ್ಲಿ ರಜೆ ಒಂದೇ ದಿನ, ಲಕ್ಷ್ಮೀಪೂಜೆಯ ಅಮಾವಾಸ್ಯೆಗೆ. ಚಾಂದ್ರಮಾನದ ಹಬ್ಬವಾದ್ದರಿಂದ ತಾರೀಖು ವರ್ಷ ವರ್ಷವೂ ಬದಲಾಗುತ್ತದೆ. ಹಬ್ಬಕ್ಕೆ ವಾರಗಳ ಮೊದಲೇ ಹಳ್ಳಿಯ ಹುಡುಗರು ಬಿದಿರು ಕಡಿದು ತಂದು ಸೀಳುತ್ತಾರೆ. ದಬ್ಬೆಗಳನ್ನು ಕಮಾನಿನಂತೆ, ನವಿಲಿನಂತೆ, ಕಮಲದಂತೆ ಬಾಗಿಸಿ ಕಟ್ಟುತ್ತಾರೆ. ಚಗ್ವಾನಸ್ ಪಟ್ಟಣದ ಸುತ್ತಲಿನ ಕುಂಬಾರರು ಮಾಡಿದ ಮಣ್ಣಿನ ಹಣತೆಗಳನ್ನು ಆ ದಬ್ಬೆಗಳ ಮೇಲೆ ಸಾಲಾಗಿ ಕೂರಿಸಿ, ಕತ್ತಲಾಗುತ್ತಲೇ ಹಚ್ಚುತ್ತಾರೆ. ಊಟ ಅಂದು ಸಸ್ಯಾಹಾರ. ಬಾಳೆಯೆಲೆಯಂತೆಯೇ ಅಗಲವಾದ ‘ಸೊಹಾರಿ’ ಎಲೆಯ ಮೇಲೆ ರೊಟ್ಟಿ, ಕಡಲೆ, ಮಾವಿನಕಾಯಿ ಪಲ್ಯ ಬಡಿಸುತ್ತಾರೆ. ನೆರೆಯ ಕ್ರೈಸ್ತರೂ ಮುಸ್ಲಿಮರೂ ಆ ಎಲೆಗೆ ಕೂರುತ್ತಾರೆ. ರಜೆಯಿಂದಾದ ದೊಡ್ಡ ಉಪಕಾರ ಇದೇ: ಎಲ್ಲರಿಗೂ ಬಿಡುವಿದ್ದಾಗ ಹಬ್ಬ ಬೀದಿಯ ಎಲ್ಲ ಮನೆಗಳದಾಗುತ್ತದೆ. 1986ರಿಂದ ಚಗ್ವಾನಸ್‌ನಲ್ಲಿ ‘ದಿವಾಲಿ ನಗರ’ ಎಂಬ ಜಾತ್ರೆಯೂ ನಡೆಯುತ್ತಿದೆ.

  

ಕರಾರಿನ ಕೂಲಿಗಳು ಹೋಗಿ ನೆಲೆಸಿದ ಮಾರಿಷಸ್, ಫಿಜಿ, ಗಯಾನಾ, ಸುರಿನಾಮ್‌ಗಳಲ್ಲೂ ಇಂದು ದೀಪಾವಳಿಗೆ ರಜೆಯಿದೆ. ಮಾರಿಷಸ್‌ನಲ್ಲಿ ಶಿವರಾತ್ರಿ, ಗಣೇಶ ಚತುರ್ಥಿಗಳಿಗೂ ಉಂಟು. ‘ಫಗ್ವಾ’ ಎಂದು ಕರೆಯುವ ಹೋಳಿಗೆ ಗಯಾನಾ, ಸುರಿನಾಮ್‌ಗಳು ರಜೆ ಕೊಡುತ್ತವೆ. ಟ್ರಿನಿಡಾಡ್ ಇನ್ನೂ ಕೊಟ್ಟಿಲ್ಲ.