ವೆಬ್ ಪುಟದೊಳಗೆ ಹೊರಗಿನ ಕನ್ನಡ ಕೀಲಿಮಣೆ: ಸ್ಥಿತಿಯ ಒಡೆತನದ ಪ್ರಶ್ನೆ

ಕನ್ನಡದಲ್ಲಿ ತುಂಬಬೇಕಾದ ವೆಬ್ ಅರ್ಜಿಯಲ್ಲಿ ಅಕ್ಷರ ಮೂಡಿಸುವ ಕೆಲಸವನ್ನು ಆ ಪುಟ ಬರೆದವರೇ ಮಾಡಬೇಕೆಂದಿಲ್ಲ. ಬೇರೆಯವರು ಸಿದ್ಧಪಡಿಸಿದ ಕೀಲಿಮಣೆ ಘಟಕವೊಂದನ್ನು ತಂದು ಜೋಡಿಸಿಕೊಳ್ಳಬಹುದು. ವಿಕಿಮೀಡಿಯಾದ ತಂತ್ರಜ್ಞರು ರೂಪಿಸಿದ, ಕನ್ನಡ ವಿಕಿಪೀಡಿಯದ ಬರಹಗಾರರಿಗೆ ನೆರವಾಗಿರುವ ಜೆಕ್ವೆರಿ.ಐಎಂಇ ಎಂಬ ಮುಕ್ತ ತಂತ್ರಾಂಶ ಅಂಥದೊಂದು ಘಟಕ. ‘ನುಡಿ’ ತಂತ್ರಾಂಶ ಬಳಸುವವರಿಗೆ ಪರಿಚಿತವಾದ ಕೆ.ಪಿ. ರಾವ್ ಅವರ ಕೀಲಿವಿನ್ಯಾಸವೂ ಅದರಲ್ಲಿದೆ. ಆದರೆ ಫಂಕ್ಷನಲ್ ಶೈಲಿಯ ಪುಟಗಳಲ್ಲಿ ಇಂಥ ಜೋಡಣೆ ಅಂದುಕೊಂಡಷ್ಟು ಸಲೀಸಲ್ಲ.

ಈ ಶೈಲಿಯನ್ನು ಅನುಸರಿಸುವ, 2012ರಲ್ಲಿ ಬಂದ ಎಲ್ಮ್ ಭಾಷೆಯಲ್ಲಿ, ಮತ್ತು 2013ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನಲ್ಲಿ ಬಹುಮಟ್ಟಿಗೆ, ಪುಟದ ಮಾಹಿತಿಯೆಲ್ಲ ‘ಸ್ಥಿತಿ’ ಎಂಬ ದತ್ತಾಂಶದಲ್ಲಿ ನೆಲೆಸಿರುತ್ತದೆ. ಪರದೆಯ ಮೇಲೆ ಕಾಣುವುದು ಆ ಸ್ಥಿತಿಯಿಂದ ಲೆಕ್ಕಹಾಕಿ ಪಡೆದ ಚಿತ್ರ ಮಾತ್ರ. ಒಂದೇ ಸ್ಥಿತಿಗೆ ಯಾವಾಗಲೂ ಒಂದೇ ಚಿತ್ರ ಎಂಬ ಈ ಶಿಸ್ತಿನಿಂದ ದೋಷ ಹುಡುಕುವುದು ಸುಲಭವಾಗುತ್ತದೆ. ಹೊರಗಿನ ಘಟಕವಾದರೋ ತನ್ನದೇ ಸ್ಥಿತಿಯನ್ನು ಒಳಗೆ ಇಟ್ಟುಕೊಂಡಿರುತ್ತದೆ, ಪರದೆಯನ್ನೂ ನೇರವಾಗಿ ತಿದ್ದುತ್ತದೆ.

ಕೊಳ್ಳೇಗಾಲದ ಸಮೀಪದ ಕಾಮಗೆರೆಯ ನಿವಾಸಿಯೊಬ್ಬರು ವಿಳಾಸದಲ್ಲಿ ‘ಕೊಳ್ಳೇಗಾಲ’ ಎಂದು ಬರೆಯುವುದನ್ನೇ ಗಮನಿಸಬಹುದು. ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕಾದರೂ ಯೂನಿಕೋಡ್‌ನಲ್ಲಿ ಸಂಕೇತಗಳು ಒಂಬತ್ತು. ‘ಳ್ಳೇ’ ಒಂದರಲ್ಲೇ ಎರಡು ಳಕಾರ, ನಡುವೆ ಹಲಂತ ಚಿಹ್ನೆ, ಕೊನೆಗೆ ಸ್ವರಚಿಹ್ನೆ ಸೇರಿವೆ. ಒ ಕೀಲಿಯನ್ನು ಒತ್ತಿದಾಗ ಘಟಕವು ಹಿಂದಿನ ಅಕ್ಷರವನ್ನು ನೋಡಿ, ಅಲ್ಲಿ ವ್ಯಂಜನವಿದ್ದರೆ ಗುಣಿತದ ಚಿಹ್ನೆಯನ್ನೂ ಇಲ್ಲದಿದ್ದರೆ ಬಿಡಿ ಸ್ವರವನ್ನೂ ಇಡುತ್ತದೆ. ಘಟಕವು ‘ಕ’ವನ್ನು ಬರೆಯುವ ಚೌಕದಲ್ಲಿ ಇಟ್ಟೂ ಪುಟದ ಸ್ಥಿತಿಗೆ ಸುದ್ದಿ ಮುಟ್ಟಿಸದಿದ್ದರೆ, ಅಷ್ಟರಲ್ಲಿ ಬೇರಾವುದೋ ಕಾರಣಕ್ಕೆ ಪುಟ ಮರುಚಿತ್ರಣಗೊಂಡಾಗ ಹಳೆಯ ಖಾಲಿ ಮೌಲ್ಯವೇ ಚೌಕಕ್ಕೆ ಮರಳುತ್ತದೆ, ಮುಂದಿನ ಒತ್ತಿಗೆ ‘ಕೊ’ ಬರುವ ಬದಲು ‘ಒ’ ಬರುತ್ತದೆ. ತಪ್ಪು ಬರೆಯುವವರದಲ್ಲ, ಆದರೂ ಕನ್ನಡದಲ್ಲಿ ಬರೆಯುವುದೇ ಕಷ್ಟವೆಂಬ ಭಾವನೆ ಅವರಲ್ಲಿ ಉಳಿಯುತ್ತದೆ ಎಂಬುದು ಇಲ್ಲಿನ ನಿಜವಾದ ನಷ್ಟ.

ಪರಿಹಾರವಿರುವುದು ಪುಟ ಮತ್ತು ಘಟಕದ ನಡುವಿನ ಗಡಿಯನ್ನು ಸ್ಪಷ್ಟವಾಗಿ ಗುರುತಿಸುವುದರಲ್ಲಿ. ‘ಕಸ್ಟಮ್ ಎಲಿಮೆಂಟ್’ ಎಂದರೆ ಬ್ರೌಸರೇ ಗುರುತಿಸುವ, ಅಭಿವೃದ್ಧಿಕಾರರು ತಾವೇ ಹೆಸರಿಟ್ಟು ನಿರ್ಮಿಸಿಕೊಳ್ಳುವ ಪುಟಭಾಗ. ಕೀಲಿಮಣೆ ಘಟಕವನ್ನು ಅದರೊಳಗೆ ಇರಿಸಿದರೆ ಒಳಗಿನ ಚೌಕವನ್ನು ಘಟಕವೊಂದೇ ತಿದ್ದುತ್ತದೆ. ಪುಟವು ಆರಂಭದ ಮೌಲ್ಯವನ್ನು ಗುಣಲಕ್ಷಣವಾಗಿ ಒಳಕ್ಕೆ ಕಳುಹಿಸುತ್ತದೆ, ಪ್ರತಿ ಬದಲಾವಣೆಯೂ ಘಟನೆಯ ರೂಪದಲ್ಲಿ ಹೊರಬಂದು ಸ್ಥಿತಿಯನ್ನು ಸೇರುತ್ತದೆ. ಹೊರಗಿನಿಂದ ಬಂದ ಮೌಲ್ಯ ಚೌಕದಲ್ಲಿ ಈಗಾಗಲೇ ಇರುವುದೇ ಆಗಿದ್ದರೆ ಅದನ್ನು ಮತ್ತೆ ಬರೆಯಬಾರದು, ಏಕೆಂದರೆ ಬರೆದರೆ ಕೆಲವು ಬ್ರೌಸರುಗಳಲ್ಲಿ ತೆರೆಸೂಚಕ (ಕರ್ಸರ್) ಪದದ ಕೊನೆಗೆ ಜಿಗಿಯಬಹುದು. ಎಲ್ಮ್‌ನಲ್ಲಿ ‘ಪೋರ್ಟ್’ ಎಂಬ ಸಂದೇಶದ್ವಾರವೂ ಉಂಟು. ಆದರೆ ಪರದೆಯ ಮೇಲೆ ಕಾಣಿಸಿಕೊಳ್ಳುವ ಘಟಕಗಳಿಗೆ ಕಸ್ಟಮ್ ಎಲಿಮೆಂಟೇ ಹೆಚ್ಚು ಒಗ್ಗುತ್ತದೆ.

ಇದೇ ಗಡಿಯಲ್ಲಿ ಮಾಡಬೇಕಾದ ಇನ್ನೊಂದು ಕೆಲಸವಿದೆ. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಬಿಡಿ ಸಂಕೇತಗಳಾಗಿಯೂ ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿರುವುದರಿಂದ, ನೋಡಲು ಒಂದೇ ಆಗಿರುವ ಎರಡು ‘ಕೊಳ್ಳೇಗಾಲ’ಗಳು ಹುಡುಕಾಟದಲ್ಲಿ ಹೊಂದಿಕೆಯಾಗದೆ ಹೋಗಬಹುದು. ಪದ ಸ್ಥಿತಿಯನ್ನು ಸೇರುವ ಮುನ್ನವೇ ಜಾವಾಸ್ಕ್ರಿಪ್ಟ್‌ನ ‘ನಾರ್ಮಲೈಸ್’ ಆದೇಶ ಅದನ್ನು ಒಂದೇ ರೂಪಕ್ಕೆ ತಂದಿಡುತ್ತದೆ.